ಕ್ಯಾಪ್ಸೂಲ್ ಹೇಳಿಕೊಟ್ಟ ಉಲ್ಕೆಯ ರೋಹಿತ

ಮೊದಲ ವರ್ಷ ಮಿಥುನ ರಾಶಿಯ ಉಲ್ಕೆಗಳ ರೋಹಿತ, ಅಂದರೆ ಅವುಗಳ ಬೆಳಕು ಬಣ್ಣಗಳಾಗಿ ಬಿಡಿಸಿಕೊಂಡ ಪಟ್ಟಿ, ಹಿಡಿಯಲು ಚಿಕ್ಕಬಳ್ಳಾಪುರದ ನಮ್ಮ ಮನೆಯ ತಾರಸಿಯಲ್ಲಿ ರಾತ್ರಿಯಿಡೀ ಕುಳಿತೆನಾದರೂ, ಸಿಕ್ಕಿದ್ದೆಲ್ಲ ಕಲಸಿಹೋದ ಬಣ್ಣದ ಬಳಿತ. ತಪ್ಪು ಎಲ್ಲಿದೆಯೆಂದು ತಿಳಿದದ್ದು 2006ರ ಜನವರಿ 15ರಂದು ಅಮೆರಿಕದ ಯೂಟಾದಲ್ಲಿ ಇಳಿದ, ಧೂಮಕೇತುವಿನ ಧೂಳನ್ನು ಭೂಮಿಗೆ ತಂದ ನಾಸಾದ ಸ್ಟಾರ್‌ಡಸ್ಟ್ ಕ್ಯಾಪ್ಸೂಲಿನ ವೀಕ್ಷಣೆಯ ಬಗ್ಗೆ ಓದಿದಾಗ.

ಸೆಕೆಂಡಿಗೆ ಸುಮಾರು 12.9 ಕಿ.ಮೀ. ವೇಗದಲ್ಲಿ ವಾತಾವರಣ ಹೊಕ್ಕ 46 ಕಿಲೋ ತೂಕದ ಆ ಕ್ಯಾಪ್ಸೂಲ್, ಆಕಾರ, ಹೊದಿಕೆ, ದಾರಿ, ಗಳಿಗೆ ಎಲ್ಲವೂ ಮೊದಲೇ ಗೊತ್ತಿದ್ದ ಕೃತಕ ಉಲ್ಕೆ. ವಿಮಾನದಿಂದ ಅದನ್ನು ನೋಡಿದವರ ಉಪಕರಣಗಳಲ್ಲಿ ಕಾದ ಶಾಖಕವಚದ ಅಖಂಡ ಪಟ್ಟಿಯ (ಎಡೆಯಿಲ್ಲದೆ ಹರಡಿದ ಬಣ್ಣಗಳ) ಮೇಲೆ, ಕವಚಕ್ಕೆ ಬಳಿದಿದ್ದ ಬಿಳಿ ಬಣ್ಣದ ಸತುವಿನ ಗೆರೆಗಳೂ ಮೂಡಿದ್ದವು. ದಾರಿ ಗೊತ್ತಿದ್ದರೆ ಗ್ರೇಟಿಂಗಿನ (ಒತ್ತೊತ್ತಾದ ಗೀರುಗಳಿಂದ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಹಾಳೆ) ಗೀರುಗಳನ್ನು ಅದಕ್ಕೆ ಸಮಾಂತರವಾಗಿ ನಿಲ್ಲಿಸಬಹುದು, ಆಗ ಬಣ್ಣಗಳು ದಾರಿಗೆ ಅಡ್ಡಲಾಗಿ ಹರಡಿ ಗೆರೆಗಳು ಬೇರೆಬೇರೆಯಾಗಿ ನಿಲ್ಲುತ್ತವೆ. ಮೊದಲ ವರ್ಷ ನಾನು ಗೀರುಗಳನ್ನು ಉಲ್ಕೆಗಳ ದಾರಿಗೆ ಅಡ್ಡ ಇಟ್ಟಿದ್ದೆ.

ಉಲ್ಕೆ ಎಲ್ಲಿ ಬೀಳುತ್ತದೆಂದು ಹೇಳಲಾಗದಿದ್ದರೂ, ಡಿಸೆಂಬರ್ 14ರ ನಸುಕಿನ ಎರಡು ಗಂಟೆಯ ಸುಮಾರಿಗೆ ಈ ಉಲ್ಕೆಗಳು ಹೊರಟಂತೆ ಕಾಣುವ ಮಿಥುನ ನಡುನೆತ್ತಿಯ ಹತ್ತಿರ ಇರುವುದರಿಂದ, ಉತ್ತರಕ್ಕೆ, ಬಾಗೇಪಲ್ಲಿಯ ಕಡೆಗೆ, ಕ್ಯಾಮೆರಾ ತಿರುಗಿಸಿದರೆ ಆ ಗುಂಪಿನ ಉಲ್ಕೆಗಳು ಬಹುಪಾಲು ನೇರ ಕೆಳಕ್ಕೇ ಇಳಿಯುತ್ತವೆ. ದಕ್ಷಿಣದಲ್ಲಿ ಬೆಂಗಳೂರಿನ ಬೆಳಕು ಇರುವುದರಿಂದ ಆ ದಿಕ್ಕು ಹೇಗೂ ಬೇಡ. ಈ ಸಲ ಮಿಲಿಮೀಟರಿಗೆ 300 ಗೀರುಗಳ ಗ್ರೇಟಿಂಗ್ ಹಾಳೆಯನ್ನು 24 ಮಿ.ಮೀ. ಲೆನ್ಸಿನ ಮುಂದೆ ಗೀರುಗಳು ಲಂಬವಾಗುವಂತೆ ಕೂರಿಸಿ, 8 ಸೆಕೆಂಡಿನ ಚಿತ್ರಗಳನ್ನು ಎಡೆಬಿಡದೆ ತೆಗೆದೆ.

ಅದಕ್ಕೂ ಮೊದಲು ಸಂಜೆ ಒಂದು ಪರೀಕ್ಷೆ ಮಾಡಿದ್ದೆ. ದೂರದಲ್ಲಿ ಉರಿಸಿದ ಹಳೆಯ ತಂತಿ ಬಲ್ಬು ಕ್ಯಾಪ್ಸೂಲಿನ ಕವಚದಂತೆ ಅಖಂಡ ಪಟ್ಟಿ ಕೊಟ್ಟಿತು. ಬೀದಿಯ ಹಳದಿ ಸೋಡಿಯಂ ದೀಪ ಬಿಡಿ ಗೆರೆಗಳನ್ನೂ, 589 ನ್ಯಾನೋಮೀಟರಿನ ತರಂಗಾಂತರದಲ್ಲಿ ಹೊಳಪಿನ ನಡುವೆ ಒಂದು ಕಪ್ಪು ಸೀಳನ್ನೂ ತೋರಿಸಿತು. ಆ ಸೀಳು ದೀಪದಿಂದ ಸುಮಾರು 10 ಡಿಗ್ರಿ ದೂರದಲ್ಲಿ ಬಿದ್ದದ್ದೇ ನನ್ನ ಅಳತೆಗೋಲು. (ನಮ್ಮ ಬೀದಿಗೂ ಎಲ್‌ಇಡಿ ಬಂದಮೇಲೆ ಈ ಅನುಕೂಲ ಇರುವುದಿಲ್ಲ.)

ಹಾಳೆಯ ಮೇಲೆ ಇಬ್ಬನಿ ಕೂತರೆ ಒರೆಸಬಾರದು, ಗೀರು ಬೀಳುತ್ತದೆ. ನಾನು ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಯನ್ನು ದೂರದಿಂದಲೇ ಆಡಿಸುತ್ತಿದ್ದೆ.

ನಸುಕಿನ ಒಂದು ಚಿತ್ರದಲ್ಲಿ ಉಲ್ಕೆಯ ಪಕ್ಕಕ್ಕೆ 518 ನ್ಯಾನೋಮೀಟರಿನ ಸುಮಾರಿಗೆ ಮೆಗ್ನೀಸಿಯಂನ ಹಸಿರು ಗೆರೆ ನಿಚ್ಚಳವಾಗಿ ನಿಂತಿತ್ತು. ಸೋಡಿಯಂನ ಹಳದಿ ಗೆರೆ ಮಾತ್ರ ಮಂಕಾಗಿತ್ತು. ಈ ಉಲ್ಕೆಗಳ ತಾಯಿಯಾದ ಫೇಥನ್ ಎಂಬ ಕ್ಷುದ್ರಗ್ರಹ ಸೂರ್ಯನಿಗೆ 0.14 ಖಗೋಳಮಾನದಷ್ಟು (ಭೂಮಿ-ಸೂರ್ಯರ ನಡುವಿನ ಸರಾಸರಿ ದೂರ ಒಂದು ಖಗೋಳಮಾನ) ಹತ್ತಿರ ಹೋಗಿಬರುವ ಕಾಯವಾದ್ದರಿಂದ, ಬೇಗ ಆವಿಯಾಗುವ ಸೋಡಿಯಂ ಅಲ್ಲಿಯೇ ಬೆಂದು ಹೋಗಿರಬಹುದೆಂಬುದು ನನ್ನ ಊಹೆ.