ಹಳೇ ಮನೆಯ ಬಚ್ಚಲಿಗೆ ಎರಡು ಇಳಿಜಾರು: ನನ್ನ ಅನುಭವ

ಟೈಲ್ಸ್ ಕೆಳಗೂ ಒಂದು ಇಳಿಜಾರು ಬೇಕು ಅಂದಾಗ ಪ್ಲಂಬರ್, ಮೇಸ್ತ್ರಿ ಇಬ್ಬರೂ ಒಪ್ಪಲಿಲ್ಲ. "ನೀರು ಹರಿಯೋದು ಟೈಲ್ಸ್ ಮೇಲೆ ಸಾರ್, ಒಳಗೆ ಯಾಕೆ ಸುಮ್ಮನೆ ಕೆಲಸ?" ಅಂದರು ಮೇಸ್ತ್ರಿ. ಈಗ ಒಂದೂವರೆ ವರ್ಷವಾಯಿತು. ಬಚ್ಚಲಿನ ಕೆಳಗಿನ ಕೋಣೆಯ ಸೀಲಿಂಗ್‌ನಲ್ಲಿ ತಟ್ಟೆಯಗಲ ಇದ್ದ ನೀರಿನ ಕಲೆ ಬಣ್ಣ ಹೊಡೆದ ಮೇಲೆ ಮತ್ತೆ ಮೂಡಿಲ್ಲ.

ಇದು ಮೂರನೇ ಸಲದ ರಿಪೇರಿ. ಮೊದಲ ಸಲ ಟೈಲ್ಸ್ ನಡುವಿನ ಸಂದುಗಳನ್ನಷ್ಟೇ ಕೆರೆದು ಹೊಸ ಗ್ರೌಟ್ (ಸಂದು ಮುಚ್ಚುವ ಗಾರೆ) ತುಂಬಿಸಿದೆ. ನಾಲ್ಕು ತಿಂಗಳಿಗೆ ಕಲೆ ವಾಪಸ್. ಎರಡನೇ ಸಲ ಒಡೆಯುವ ಖರ್ಚು ಉಳಿಸಲು ಟೈಲ್ಸ್ ಮೇಲೆ ಟೈಲ್ಸ್ ಹಾಕಿಸಿದೆ. ನೆಲ ಮುಕ್ಕಾಲು ಇಂಚು ಎದ್ದು ಹೊಸ್ತಿಲಿಗೆ ಸಮವಾಯಿತು, ಸ್ನಾನದ ನೀರು ಕೋಣೆಗೆ ನುಗ್ಗತೊಡಗಿತು. ಆ ಎರಡು ರಿಪೇರಿಗೆ ಸುರಿದ ದುಡ್ಡು ಒಟ್ಟುಗೂಡಿಸಿದರೆ ಈಗಿನ ಖರ್ಚಿನ ಅರ್ಧಕ್ಕೆ ಹತ್ತಿರ ಬರುತ್ತದೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮೂರನೇ ಸಲ ಅಡಿಯ ಕಾಂಕ್ರೀಟ್ ಸ್ಲ್ಯಾಬ್‌ವರೆಗೆ ಒಡೆಸಿದೆ. ತುಂಬಿದ್ದ ಇಟ್ಟಿಗೆ ಚೂರು ಕೈಯಲ್ಲಿ ಹಿಂಡಿದರೆ ನೀರು ಬರುವಷ್ಟು ನೆನೆದಿತ್ತು, ವಾಸನೆ ಬೇರೆ. ಆಗಲೇ ನನಗೆ ಖಾತ್ರಿಯಾಗಿದ್ದು: ಸಂದುಗಳಲ್ಲಿ ಇಳಿಯುವ ನೀರನ್ನು ಪೂರ್ತಿ ತಡೆಯಲು ಆಗುವುದಿಲ್ಲ, ಇಳಿದದ್ದಕ್ಕೆ ಹೊರಗೆ ಹೋಗುವ ದಾರಿ ಇರಬೇಕು. ಹಾಗಾಗಿ ಮೊದಲು ಗಾರೆಯಲ್ಲಿ ಟ್ರ್ಯಾಪ್ (ನೀರು ಹೊರಹೋಗುವ ನೆಲದ ಜಾಲರಿ ಬಾಯಿ) ಕಡೆಗೆ 4 ಅಡಿಗೆ ಅರ್ಧ ಇಂಚಿನಂತೆ ಇಳಿಜಾರು, ಅದರ ಮೇಲೆ ನೀರು ಇಳಿಯದಂತೆ ತಡೆಯುವ ವಾಟರ್‌ಪ್ರೂಫಿಂಗ್ ಕೋಟಿಂಗ್, ಅದರ ಮೇಲೆ ಅದೇ ಇಳಿಜಾರಿನಲ್ಲಿ ಟೈಲ್ಸ್. ಟೈಲ್ಸ್ ಕೆಳಗೆ ಇಳಿದ ನೀರು ಟ್ರ್ಯಾಪ್ ಸೇರಲೆಂದು ಕೋಟಿಂಗ್ ಮಟ್ಟಕ್ಕೆ ಸರಿಯಾಗಿ ಅದರ ಕುತ್ತಿಗೆಗೆ ಸಣ್ಣ ರಂಧ್ರಗಳು. ಟೈಲ್ಸ್ ಕೂರಿಸುವಾಗ ಆ ರಂಧ್ರಗಳಿಗೆ ಸಿಮೆಂಟ್ ಕಟ್ಟದಂತೆ ನೋಡಿಕೊಂಡ ಉಪಾಯವೊಂದಿದೆ. ಅದನ್ನು ಕಂಡುಕೊಂಡಿದ್ದು ಮೇಸ್ತ್ರಿ, ಅವರ ಹೊಟ್ಟೆಪಾಡು, ಹಾಗಾಗಿ ಇಲ್ಲಿ ಬರೆಯುವುದಿಲ್ಲ.

ಕೋಟಿಂಗ್ ಎರಡು ಕೈ, ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ. ನೆಲ ಗೋಡೆ ಸೇರುವ ಮೂಲೆಯನ್ನು ಮೊದಲೇ ಗುಂಡಗೆ ತೀಡಿಸಿ ಫೈಬರ್ ಮೆಶ್ (ನಾರಿನ ಬಲೆ) ಕೂರಿಸಿದೆವು. ಕೋಟಿಂಗ್ ಗೋಡೆಗೂ ಒಂದು ಅಡಿ ಎತ್ತರಕ್ಕೆ, ಶವರ್ ಇರುವ ಕಡೆ ಆರು ಅಡಿಗೂ ಮೇಲೆ.

ಆಮೇಲೆ ಟ್ರ್ಯಾಪ್ ಬಾಯಿ ಮುಚ್ಚಿ 2 ಇಂಚು ನೀರು ನಿಲ್ಲಿಸಿ ಗೋಡೆಗೆ ಪೆನ್ಸಿಲ್ ಗೆರೆ ಎಳೆದೆ. ಮರುದಿನ ಬೆಳಿಗ್ಗೆ ನೀರು ಗೆರೆಯಿಂದ ಕೆಳಗಿತ್ತು. "ಆವಿಯಾಗಿದೆ ಬಿಡಿ ಸಾರ್" ಅಂದರು ಮೇಸ್ತ್ರಿ. ವಾದ ಮಾಡಲಿಲ್ಲ, ಅಗಲ ಬಾಯಿಯ ಟಬ್ಬಿನಲ್ಲಿ ನೀರು ತುಂಬಿ ಅದಕ್ಕೂ ಗೆರೆ ಎಳೆದು ಪಕ್ಕದಲ್ಲೇ ಇಟ್ಟೆ. ಇನ್ನೊಂದು ದಿನಕ್ಕೆ ಟಬ್ಬಿನಲ್ಲಿ ಕೂದಲೆಳೆಯಷ್ಟು, ನೆಲದ ಮೇಲೆ ಸುಮಾರು ಕಾಲು ಇಂಚು ಇಳಿದಿತ್ತು. ಮೇಸ್ತ್ರಿ ಎರಡೂ ಗೆರೆಗಳನ್ನು ಬಗ್ಗಿ ನೋಡಿ, ಏನೂ ಹೇಳದೆ ಉಳಿ ತೆಗೆದುಕೊಂಡರು. ಟ್ರ್ಯಾಪ್ ಸುತ್ತಲ ಗಾರೆ ಪೈಪ್ ಬಿಟ್ಟು ಎದ್ದಿತ್ತು. ಸುತ್ತ ಎರಡು ಇಂಚು ಕಡಿದು, ಕುಗ್ಗದ ಗ್ರೌಟ್ ತುಂಬಿ, ಮತ್ತೆ ಕೋಟಿಂಗ್ ಬಳಿದರು. ಈ ಸಲ 3 ದಿನ ನಿಲ್ಲಿಸಿದೆವು. ಟಬ್ಬು, ನೆಲ ಎರಡರಲ್ಲೂ ಒಂದೇ ಇಳಿತ. ಬೇರೇನೂ ಮಾಡದಿದ್ದರೂ ಈ ಟಬ್ಬಿನ ಪರೀಕ್ಷೆಯನ್ನಂತೂ ಮಾಡಿ.

ಪೈಪುಗಳದ್ದು ಬೇರೆಯೇ ಕಥೆ. ಹಳೇ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪ್ ಕತ್ತರಿಸಿ ನೋಡಿದರೆ ತುಕ್ಕು ಕಟ್ಟಿ ಒಳಗೆ ಪೆನ್ಸಿಲ್ ತೂರುವಷ್ಟೇ ಜಾಗ. ಎಲ್ಲವನ್ನೂ ಸಿಪಿವಿಸಿ (ತುಕ್ಕು ಹಿಡಿಯದ ಪ್ಲಾಸ್ಟಿಕ್) ಮಾಡಿಸಿ, ಗೋಡೆ ಮುಚ್ಚುವ ಮುಂಚೆ ಸೋರಿಕೆ ನೋಡಲು ಪ್ರೆಶರ್ ಟೆಸ್ಟ್ ಮಾಡಿಸಿದೆ.

ಟೈಲ್ಸ್ ಆರಿಸುವಾಗ ಮೂರು ಸ್ಯಾಂಪಲ್ ತಂದು, ಹಲಗೆ ಮೇಲಿಟ್ಟು, ಸೋಪಿನ ನೀರು ಸುರಿದು, ಬರಿಗಾಲಲ್ಲಿ ನಿಂತು ಹಲಗೆಯ ಒಂದು ತುದಿಯನ್ನು ಮೆಲ್ಲಗೆ ಎತ್ತಿಸಿದೆ. ನನಗೆ ಇಷ್ಟವಾಗಿದ್ದ ಟೈಲ್ ಮೇಲೆಯೇ ಕಾಲು ಮೊದಲು ಜಾರಿತು. ಬಿಟ್ಟೆ.

ಇನ್ನು ದುಡ್ಡು. ಒಡೆಯುವುದಕ್ಕೂ ಕಸ ಸಾಗಿಸುವುದಕ್ಕೂ ಹತ್ತರಲ್ಲೊಂದು ಪಾಲು ಸಾಕು ಅಂದುಕೊಂಡಿದ್ದೆ, ಐದರಲ್ಲೊಂದು ಪಾಲು ಹೋಯಿತು. ಟೈಲ್ಸು, ನಲ್ಲಿ, ಕಮೋಡ್ ಎಲ್ಲ ಸೇರಿ ಮೂರನೇ ಒಂದು ಭಾಗ ಇರಬಹುದು. ಒಟ್ಟು ಅಂದಾಜು ಮೀರಿದ್ದು ಸುಮಾರು 20 ಪರ್ಸೆಂಟ್. ಕೂಲಿಯ ಕಾಲು ಭಾಗವನ್ನು ನೀರು ನಿಲ್ಲಿಸಿ ನೋಡಿದ ಮೇಲೇ ಕೊಡುವುದು ಅಂತ ಮೊದಲ ದಿನವೇ ಮಾತಾಗಿತ್ತು. ಮೇಸ್ತ್ರಿಗೆ ಸ್ವಲ್ಪ ಬೇಜಾರಾಗಿತ್ತು ನಿಜ, ಆದರೆ ಮೂರನೇ ದಿನ ಸಂಜೆ ಅಲ್ಲೇ ನಿಂತು ಪೂರ್ತಿ ಎಣಿಸಿ ಕೊಟ್ಟೆ.

ಒಂದು ಕುಂದು ಉಳಿದಿದೆ. ಮೊನ್ನೆ ನಾಣ್ಯದಿಂದ ತಟ್ಟುತ್ತಾ ಹೋದಾಗ ಬಾಗಿಲ ಹಿಂದಿನ ಒಂದು ಟೈಲ್ ಟೊಳ್ಳು ಸದ್ದು ಕೊಟ್ಟಿತು. ಅದೇ ಬ್ಯಾಚಿನ 6 ಟೈಲ್ಸ್ ಅಟ್ಟದಲ್ಲಿ ಎತ್ತಿಟ್ಟಿದ್ದೇನೆ. ಮೇಸ್ತ್ರಿ ಮುಂದಿನ ವಾರ ಬರುತ್ತೇನೆ ಅಂದಿದ್ದಾರೆ.