ಗಣಿತ ಟ್ಯೂಷನ್‌ನಲ್ಲಿ ಎಐ: ನಾನು ಬಿಟ್ಟಿದ್ದು, ಉಳಿಸಿಕೊಂಡಿದ್ದು

ನಾನು ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಚಾಟ್‌ಜಿಪಿಟಿ ಬಂದಿದ್ದು 2022ರ ನವೆಂಬರ್ ಕೊನೆಗೆ. ಅದರ ಬಿಸಿ ನನಗೆ ತಟ್ಟಿದ್ದು ಹೋಂವರ್ಕ್ ಪುಸ್ತಕದಲ್ಲಿ. ಎಲ್ಲರ ಲೆಕ್ಕವೂ ಸರಿ, ಹಂತಗಳೂ ಅಚ್ಚುಕಟ್ಟು. "ಇಲ್ಲಿ ಮೈನಸ್ ಯಾಕೆ ಬಂತು?" ಅಂತ ಕೇಳಿದರೆ ಮಾತ್ರ ಎಲ್ಲರೂ ಚಾವಣಿ ನೋಡುತ್ತಿದ್ದರು.

ಯಾರು ಬರೆದಿದ್ದು, ಯಾರು ಕಾಪಿ ಹೊಡೆದಿದ್ದು ಅಂತ ಹುಡುಕುವ ಕೆಲಸಕ್ಕೆ ನಾನು ಕೈ ಹಾಕಲಿಲ್ಲ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಎಐ ಬರಹ ಪತ್ತೆ ಹಚ್ಚುವ ಒಂದು ಸಾಧನ ಬಿಟ್ಟಿತ್ತು. ಎಐ ಬರೆದಿದ್ದರಲ್ಲಿ ಶೇ. 26ರಷ್ಟನ್ನು ಮಾತ್ರ ಅದು ಸರಿಯಾಗಿ ಹಿಡಿಯುತ್ತಿತ್ತು. ಮನುಷ್ಯರು ಬರೆದಿದ್ದರಲ್ಲೂ ಶೇ. 9ರಷ್ಟನ್ನು ಎಐದು ಅನ್ನುತ್ತಿತ್ತು. ನಿಖರತೆ ಸಾಲದು ಅಂತ ಜುಲೈನಲ್ಲಿ ಅವರೇ ವಾಪಸ್ ತೆಗೆದರು. ಗಣಿತದಲ್ಲಂತೂ ಈ ಪತ್ತೇದಾರಿಕೆಗೆ ಅರ್ಥವೇ ಇಲ್ಲ. ಸರಿಯಾದ ಹಂತವನ್ನು ಯಾರು ಬರೆದರೂ ಅದು ಹಾಗೇ ಇರುತ್ತದೆ, ಅಲ್ವಾ?

ಹಾಗಾಗಿ ಮನೆಯ ಕೆಲಸ, ಕ್ಲಾಸಿನ ಕೆಲಸ ಎರಡನ್ನೂ ಅದಲು ಬದಲು ಮಾಡಿದೆ. ಓದುವುದು, ಉದಾಹರಣೆ ನೋಡುವುದು, ಬೇಕಾದರೆ ಎಐ ಹತ್ತಿರ ಕೇಳುವುದು ಮನೆಯಲ್ಲಿ. ಲೆಕ್ಕ ಬಿಡಿಸುವುದು ನನ್ನ ಕಣ್ಣೆದುರು, ಪೆನ್ನು ಕಾಗದದಲ್ಲಿ. ಹೋಂವರ್ಕಿಗೆ ಮಾರ್ಕ್ಸ್ ಕೊಡುವುದನ್ನೇ ನಿಲ್ಲಿಸಿದೆ. ಕೆಲವು ಅಪ್ಪ ಅಮ್ಮಂದಿರಿಗೆ ಇದು ಹಿಡಿಸಲಿಲ್ಲ. ಪುಸ್ತಕ ತುಂಬಿದ್ದರೆ ಮಗು ಓದುತ್ತಿದೆ ಅನ್ನುವ ನೆಮ್ಮದಿ ಅವರಿಗೆ. ಅರ್ಥವಾಗುತ್ತದೆ, ಆದರೆ ಆ ನೆಮ್ಮದಿಗೋಸ್ಕರ ಸುಮ್ನೆ ರೈಟ್ ಮಾರ್ಕ್ ಹಾಕುತ್ತಾ ಕೂರುವುದು ನನ್ನಿಂದಾಗದು.

ಎಐ ಎಲ್ಲಿ ಕೈಕೊಡುತ್ತದೆ ಅಂತ ನನಗೆ ಸರಿಯಾಗಿ ಕಂಡಿದ್ದು ಒಂದು ಸಣ್ಣ ಲೆಕ್ಕದಲ್ಲಿ. ಹುಡುಗಿಯೊಬ್ಬಳು 1/2 + 1/3 = 2/5 ಅಂತ ಬರೆದಿದ್ದಳು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿಬಿಟ್ಟಿದ್ದಳು. ಫೋನಿನಲ್ಲಿ ಕೇಳಿದಾಗ ಎಐ ಚೆನ್ನಾಗಿಯೇ ಹೇಳಿತು: ಛೇದಗಳು ಬೇರೆ ಬೇರೆ, ಲ.ಸಾ.ಅ. 6, ಆದ್ದರಿಂದ 3/6 + 2/6 = 5/6. ಒಂದಕ್ಷರ ತಪ್ಪಿಲ್ಲ. ಅವಳು ತಲೆ ಆಡಿಸಿ 5/6 ಬರೆದುಕೊಂಡಳು. ಮುಂದಿನ ಲೆಕ್ಕ 1/4 + 1/2. ಉತ್ತರ 2/6!

ನಾನು ನಿಯಮದ ಸುದ್ದಿಗೇ ಹೋಗಲಿಲ್ಲ. "2/5 ದೊಡ್ಡದೋ, ಅರ್ಧ ದೊಡ್ಡದೋ?" ಅಂದೆ. ಒಂದು ಪಟ್ಟಿ ಎಳೆದು ಐದು ಭಾಗ ಮಾಡಿ ನೋಡಿದಳು. "ಅರ್ಧ ದೊಡ್ಡದು ಮಿಸ್." "ನಾವು ಅರ್ಧಕ್ಕೆ ಇನ್ನಷ್ಟು ಸೇರಿಸಿದ್ದೀವಿ, ಅಲ್ವಾ?" ಸ್ವಲ್ಪ ಹೊತ್ತು ಪಟ್ಟಿಯನ್ನೇ ನೋಡುತ್ತಿದ್ದಳು. "ಅಯ್ಯೋ, ಸೇರಿಸಿದ್ಮೇಲೆ ಕಮ್ಮಿ ಆಗೋಯ್ತು!" ಆಮೇಲೆ ನಾನು ಹೇಳದೆಯೇ 2/6 ಅನ್ನೂ ಹೊಡೆದು ಹಾಕಿದಳು. ಲ.ಸಾ.ಅ. ಯಾಕೆ ಬೇಕು ಅನ್ನುವ ಪ್ರಶ್ನೆ ಅವಳಿಗೆ ಹುಟ್ಟಿದ್ದೇ ಅಲ್ಲಿ. ಎಐ ಕೊಟ್ಟಿದ್ದು ಅವಳು ಇನ್ನೂ ಕೇಳದ ಪ್ರಶ್ನೆಗೆ ಉತ್ತರ.

ಅಂದಿನಿಂದ ಮಕ್ಕಳ ಕೈಗೆ ಎಐ ಕೊಡುವ ಮುಂಚೆ ಅದಕ್ಕೊಂದು ಸೂಚನೆ ಹಾಕಿಕೊಡುತ್ತೇನೆ: "ಉತ್ತರ ಹೇಳಬೇಡ. ಹೇಗೆ ಮಾಡಿದೆ ಅಂತ ಮೊದಲು ಕೇಳು. ಒಂದು ಸಲಕ್ಕೆ ಒಂದೇ ಪ್ರಶ್ನೆ. ಬಂದ ಉತ್ತರ ಅಂದಾಜಿಗೆ ಹೊಂದುತ್ತದಾ ಅಂತ ವಿದ್ಯಾರ್ಥಿಯಿಂದಲೇ ಹೇಳಿಸು." ಸ್ವಲ್ಪ ಹೊತ್ತು ನೀಟಾಗಿ ನಡೆಯುತ್ತದೆ. ಹುಡುಗ ಎರಡು ಸಲ "ಗೊತ್ತಿಲ್ಲ, ನೀನೇ ಹೇಳು" ಅಂದರೆ ಕರಗಿ ಪೂರ್ತಿ ಉತ್ತರ ಕೊಟ್ಟುಬಿಡುತ್ತದೆ, ಮೊಮ್ಮಗನ ಮುಂದೆ ಅಜ್ಜಿ ಸೋತ ಹಾಗೆ.

ಉತ್ತರ ಕೊಟ್ಟುಬಿಡುವ ಎಐಗೂ ಯೋಚಿಸೋಕೆ ಬಿಡುವ ಎಐಗೂ ಇರುವ ಈ ವ್ಯತ್ಯಾಸ ನನ್ನ ಕ್ಲಾಸಿನದು ಮಾತ್ರ ಅಲ್ಲ. ಟರ್ಕಿಯಲ್ಲಿ ಸುಮಾರು 1000 ಹೈಸ್ಕೂಲ್ ಮಕ್ಕಳ ಮೇಲೆ ಗಣಿತದಲ್ಲೇ ಒಂದು ಪ್ರಯೋಗ ನಡೆಯಿತು. ಅದರ ವರದಿ 2024ರಲ್ಲಿ ಹೊರಬಂತು. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಎಐ ಸಿಕ್ಕವರು ಅಭ್ಯಾಸದ ಲೆಕ್ಕಗಳಲ್ಲಿ ಶೇ. 48ರಷ್ಟು ಜಾಸ್ತಿ ಗಳಿಸಿದರು. ಎಐ ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ, ಅದನ್ನು ಮುಟ್ಟದೇ ಇದ್ದವರಿಗಿಂತ ಶೇ. 17ರಷ್ಟು ಹಿಂದೆ ಬಿದ್ದರು. ಶಿಕ್ಷಕರು ಬರೆದ ಸುಳಿವುಗಳನ್ನಷ್ಟೇ ಕೊಡುವ ಎಐ ಇನ್ನೊಂದು ಗುಂಪಿಗಿತ್ತು. ಅವರು ಅಭ್ಯಾಸದಲ್ಲಿ ಶೇ. 127ರಷ್ಟು ಮುಂದೆ ಹೋದರು, ಪರೀಕ್ಷೆಯಲ್ಲಿ ಹೆಚ್ಚುಕಮ್ಮಿ ಎಐ ಮುಟ್ಟದೇ ಇದ್ದವರಷ್ಟೇ. ಅಂದರೆ ಹಾನಿ ತಪ್ಪಿತು, ಲಾಭ ಕಾಣಲಿಲ್ಲ. ಸುಳಿವು ಕೊಡುವ ಎಐ ಇದ್ದರೆ ಎಲ್ಲ ಸರಿಹೋಗುತ್ತದೆ ಅನ್ನುವವರು ಈ ಕೊನೇ ಅಂಕಿಯನ್ನು ಬಾಯಿ ಬಿಟ್ಟು ಹೇಳುವುದೇ ಕಮ್ಮಿ.

ಹಾಗಾದರೆ ನಾನು ಎಐ ಬಿಟ್ಟೆನಾ? ಇಲ್ಲ. ನನ್ನ ತಯಾರಿಗೆ ಅದು ಬೇಕೇ ಬೇಕು. ಎಲ್ಲಕ್ಕಿಂತ ಜಾಸ್ತಿ ಬಳಸುವುದು ತಪ್ಪು ಲೆಕ್ಕ ಬರೆಸೋಕೆ. ಉದಾಹರಣೆಗೆ 20 − (8 − 3). ಆವರಣ ಬಿಡಿಸುವಾಗ ಒಳಗಿನ ಚಿಹ್ನೆ ಬದಲಾಯಿಸದೆ 20 − 8 − 3 = 9 ಅಂತ ಮಾಡುವ ಮಕ್ಕಳು ಬಹಳ. ಇದೇ ತಪ್ಪನ್ನು ಬೇರೆ ಬೇರೆ ಲೆಕ್ಕದಲ್ಲಿ ಅಡಗಿಸಿಡು, ನಡುವೆ ಒಂದೆರಡು ಸರಿ ಲೆಕ್ಕವನ್ನೂ ಸೇರಿಸು ಅನ್ನುತ್ತೇನೆ. ಮಕ್ಕಳು ಟೀಚರ್ ಆಗಿ ಕೂತು ತಿದ್ದಬೇಕು, ಎಲ್ಲಿ ಯಾಕೆ ತಪ್ಪಿತು ಅಂತ ಒಂದು ಸಾಲು ಬರೆಯಬೇಕು. ಬೇರೆಯವರ ತಪ್ಪು ಹಿಡಿಯೋಕೆ ಎಷ್ಟು ಹುಮ್ಮಸ್ಸು ಅಂತೀರಿ!

ಹಾಳೆಯನ್ನು ನೋಡದೆ ಹಂಚುವ ಹಾಗಿಲ್ಲ. ಬರೀ "ತಪ್ಪು ಮಾಡು" ಅಂದರೆ ಎಐ 12 × 3 = 35 ಅನ್ನುವಂಥ ತಪ್ಪು ಮಾಡುತ್ತದೆ. ಹಾಗೆ ಯಾವ ಮಗು ಯೋಚಿಸುತ್ತದೆ? ಒಮ್ಮೊಮ್ಮೆ ತಪ್ಪು ಲೆಕ್ಕ ಅಂತ ಶುರು ಮಾಡಿ ಸರಿ ಉತ್ತರಕ್ಕೇ ಬಂದು ನಿಲ್ಲುತ್ತದೆ. ತಪ್ಪಿನ ಬಗೆ ನಾನೇ ಹೇಳಿಕೊಡಬೇಕು. ಅದು ಗೊತ್ತಿರುವುದು ಇಷ್ಟು ವರ್ಷ ಮಕ್ಕಳ ಪುಸ್ತಕ ತಿದ್ದಿದ್ದರಿಂದ.

ಇನ್ನೊಂದು ಉಪಯೋಗ ಮರುಪರೀಕ್ಷೆಗೆ. ಒಬ್ಬೊಬ್ಬರಿಗೇ ಪಾಠ ಹೇಳಿದರೆ ಸಾಧಾರಣ ವಿದ್ಯಾರ್ಥಿಯೂ ಸಾಮಾನ್ಯ ತರಗತಿಯ ಶೇ. 98 ಜನರನ್ನು ಮೀರಿಸುತ್ತಾನೆ ಅಂತ ಅಮೆರಿಕದ ಶಿಕ್ಷಣ ತಜ್ಞ ಬೆಂಜಮಿನ್ ಬ್ಲೂಮ್ 1984ರಲ್ಲಿ ಬರೆದಿದ್ದರು. ಎಐ ಟ್ಯೂಟರ್ ಮಾರುವವರಿಗೆ ಈ ಸಾಲು ಬಹಳ ಇಷ್ಟ. ಆಮೇಲಿನ ಅಧ್ಯಯನಗಳಲ್ಲಿ ಅಷ್ಟು ದೊಡ್ಡ ಲಾಭ ಸಾಮಾನ್ಯವಾಗಿ ಕಂಡಿಲ್ಲ. ಜೊತೆಗೆ, ಬ್ಲೂಮ್ ಹೇಳಿದ್ದರಲ್ಲಿ ಇನ್ನೊಂದು ಭಾಗವೂ ಇತ್ತು: ಒಂದು ಪಾಠ ಗಟ್ಟಿಯಾಗುವವರೆಗೆ ಪರೀಕ್ಷೆ ಮಾಡಿ, ತಿದ್ದಿ, ಮತ್ತೆ ಪರೀಕ್ಷೆ ಮಾಡುವುದು. ಅದಕ್ಕೆ ಪ್ರತಿ ಸಲ ಅದೇ ಮಟ್ಟದ ಹೊಸ ಪ್ರಶ್ನೆಗಳು ಬೇಕು. ಮೊದಲು ಅದಕ್ಕೇ ನನ್ನ ಭಾನುವಾರ ಪೂರ್ತಿ ಹೋಗುತ್ತಿತ್ತು. ಈಗ ಪ್ರಶ್ನೆಗಳು ಕ್ಷಣದಲ್ಲಿ ಸಿಗುತ್ತವೆ. ಒಂದೊಂದನ್ನೂ ಕೈಯಾರೆ ಬಿಡಿಸಿ ನೋಡಿ ಆರಿಸುವುದಷ್ಟೇ ನನ್ನ ಕೆಲಸ.

ರೇಖಾಗಣಿತಕ್ಕೆ ಬಂದಾಗ ಮಾತ್ರ ಇದನ್ನೆಲ್ಲ ಪಕ್ಕಕ್ಕಿಡುತ್ತೇನೆ. ಎಐ ಹಾಕಿಕೊಡುವ ಚಿತ್ರದಲ್ಲಿ ಎಷ್ಟೋ ಸಲ ಕೋನ ಒಂದು ಕಡೆ, ಅದರ ಹೆಸರು ಇನ್ನೊಂದು ಕಡೆ ಇರುತ್ತದೆ. ಅಲ್ಲಿ ಈಗಲೂ ಸ್ಕೇಲು, ಕೈವಾರ, ಸೀಸದಕಡ್ಡಿಯೇ. ತಪ್ಪು ಚಿತ್ರವನ್ನೂ ಕೈಯಲ್ಲೇ ಬರೆದು ಕೊಡುತ್ತೇನೆ.