ಕಲಬುರಗಿ ಬಿಸಿಲಲ್ಲಿ ಪೈಲೋರಿ ಬೆಳೆಸಿದ್ದು

ಪೈಲೋರಿ ಅಂದ್ರೆ ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲ ಬ್ಯಾಕ್ಟೀರಿಯಾ, ಹೆಲಿಕೋಬ್ಯಾಕ್ಟರ್ ಪೈಲೋರಿ. "ಇಲ್ಲಿ ಪೈಲೋರಿ ಬೆಳೆಯಲ್ಲ, ಸುಮ್ನೆ ಹೈದರಾಬಾದಿಗೆ ಕಳಿಸ್ರಿ" ಅಂತ ಎಂಡೋಸ್ಕೋಪಿ ಮಾಡುವ ಡಾಕ್ಟರ್ ಸಾಹೇಬ್ರಿಂದ ಹಿಡಿದು ಡಬ್ಬಿಯೊಳಗೆ ಆಮ್ಲಜನಕ ಕಡಿಮೆ ಮಾಡುವ ಗ್ಯಾಸ್ ಪ್ಯಾಕ್ ಮಾರುವವನ ತನಕ ಎಲ್ಲರೂ ಹೇಳಿದ್ದರು. ಈಗ ಯೂರಿಯೇಸ್ ಟೆಸ್ಟ್ (ಪೈಲೋರಿ ಇದ್ದರೆ ಗುಲಾಬಿಯಾಗುವ ಟೆಸ್ಟ್) ಪಾಸಿಟಿವ್ ಬಂದ ಹತ್ತು ಬಯಾಪ್ಸಿಯಲ್ಲಿ, ಅಂದ್ರೆ ಹೊಟ್ಟೆಯ ಒಳಪದರದ ಚೂರುಗಳಲ್ಲಿ, ಆರೇಳರಿಂದ ಕಾಲನಿ (ಪ್ಲೇಟ್ ಮೇಲೆ ಬೆಳೆದ ಬ್ಯಾಕ್ಟೀರಿಯಾ ಗುಂಪು) ತೆಗೆಯುತ್ತಿದ್ದೇನೆ. ಪುಟ್ಟ ಲ್ಯಾಬಿಗೆ ಇದು ಕಡಿಮೆಯೇನಲ್ಲ.

ಇಷ್ಟು ತಲೆನೋವು ಯಾಕೆ ಅಂದ್ರೆ, ಒಬ್ಬರಿಗೆ ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುವೋಡಿನಮ್‌ನಲ್ಲಿ ಹುಣ್ಣು. ಇನ್ನೊಬ್ಬರು ದಿನಾ ಮಿರ್ಚಿ ಭಜಿ ತಿಂದು ಆರಾಮ. ಇಬ್ಬರ ಟೆಸ್ಟೂ ಗುಲಾಬಿ. ಪೈಲೋರಿಯ ಯಾವ ತಳಿ ಅಂತ ನೋಡಬೇಕಲ್ವಾ?

ಮೊದಲ ಬೇಸಿಗೆ ಪೂರ್ತಿ ಹಾಳು. ಬಯಾಪ್ಸಿ ಬರೀ ಸಲೈನ್‌ನಲ್ಲಿ, 42 ಡಿಗ್ರಿಯಲ್ಲಿ, ಬೈಕ್ ಮೇಲೆ ಬರುತ್ತಿತ್ತು. ಬರುವಷ್ಟರಲ್ಲಿ ಪೈಲೋರಿ ಸತ್ತಿರುತ್ತಿತ್ತು. ಇದು ಬೆಳೆಯಲು ಆಮ್ಲಜನಕ ಕಡಿಮೆ ಇರಬೇಕು. ಮೇಣದಬತ್ತಿ ಹಚ್ಚಿ ಮುಚ್ಚಿಡುವ ಕ್ಯಾಂಡಲ್ ಜಾರ್ ನನಗಂತೂ ಏನೂ ಕೊಡಲಿಲ್ಲ. ಗ್ಯಾಸ್ ಪ್ಯಾಕ್ ಒಂದಕ್ಕೆ ಆಗ ಮುನ್ನೂರೋ ಮುನ್ನೂರೈವತ್ತೋ ರೂಪಾಯಿ. ಪ್ಲೇಟ್ ತುಂಬ ಬೂಸ್ಟು ಬಂದಾಗ ಹೊಟ್ಟೆ ಉರಿಯುತ್ತಿತ್ತು. ಬೇರೆ ಬ್ಯಾಕ್ಟೀರಿಯಾ ತಡೆಯುವ ವ್ಯಾಂಕೊಮೈಸಿನ್ ಜೊತೆ ಬೂಸ್ಟು ಕೊಲ್ಲುವ ಆಂಫೊಟೆರಿಸಿನ್ ಹಾಕಿದ ಮೇಲೆ ಅದು ನಿಂತಿತು. ಬಯಾಪ್ಸಿ ತರಲು ಈಗ ಗ್ಲಿಸರಾಲ್ ಹಾಕಿದ ಬ್ರೂಸೆಲ್ಲಾ ಬ್ರಾತ್ (ಬ್ಯಾಕ್ಟೀರಿಯಾಗೆ ಆಹಾರವಾಗುವ ದ್ರವ), ಐಸ್ ಡಬ್ಬಿ. ಎರಡು ತಾಸಿನೊಳಗೆ ಪ್ಲೇಟಿಗೆ.

ಪ್ಲೇಟಿನ ಜೆಲ್ಲಿಯಾದ ಅಗರ್‌ಗೆ ಬೆರೆಸುವ ರಕ್ತದ ಮೇಲೂ ಒಂದಿಷ್ಟು ಆಟ ಆಡಿದೆ. ಕುರಿ ರಕ್ತ, ಆಡಿನ ರಕ್ತ, ಬ್ಲಡ್ ಬ್ಯಾಂಕಿನ ಅವಧಿ ಮುಗಿದ ಚೀಲ. ನನ್ನ ಕೈಯಲ್ಲಿ ಕುರಿಯೇ ಗೆದ್ದಿತು. ಅಗರ್‌ಗೆ ಇನ್ನೊಂದು ಪುಡಿ ಚಿಟಿಕೆ ಹಾಕುತ್ತೇನೆ. ಅದನ್ನು ಇಲ್ಲಿ ಹೇಳಲ್ಲ.

ಮೂರನೇ ದಿನಕ್ಕೇ ಪ್ಲೇಟ್ ಎಸೆಯಬೇಡಿ. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಇದನ್ನು ಮೊದಲು ಬೆಳೆಸಿದ ಮಾರ್ಷಲ್, ವಾರೆನ್ ಅವರಿಗೂ ಈಸ್ಟರ್ ರಜೆಯಲ್ಲಿ ಉಳಿದುಹೋದ ಪ್ಲೇಟಲ್ಲೇ ಇದು ಬೆಳೆದದ್ದು. ನಾನು ಏಳು ದಿನ ಬಿಡುತ್ತೇನೆ. ಪ್ಲೇಟನ್ನು ಓರೆಯಾಗಿ ಹಿಡಿದರೆ ಇಬ್ಬನಿಯಂಥ ಸಣ್ಣ ಚುಕ್ಕೆ ಕಾಣುತ್ತದೆ. ಆ ಚುಕ್ಕೆಯನ್ನು ಯೂರಿಯಾ ಟೆಸ್ಟಿಗೆ ಹಾಕಿದರೆ ನೋಡುನೋಡುತ್ತಲೇ ಗುಲಾಬಿ.

ಆಮೇಲೆ ಪಿಸಿಆರ್, ಅಂದ್ರೆ ಜೀನಿನ ತುಣುಕನ್ನು ನಕಲು ಮಾಡಿ ಹೆಚ್ಚಿಸುವುದು. ಪೈಲೋರಿಯ ವಿಷ ತಯಾರಿಸುವ ವ್ಯಾಕ್ ಎ ಜೀನಿನ ಎಸ್1 ರೂಪದ ತುಣುಕು 259 ಬೇಸ್ ಉದ್ದ, ಎಸ್2 ರೂಪದ್ದು 286. ಅಂತರ ಬರೀ 27 ಬೇಸ್. ತುಣುಕುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್ ಎರಡೂವರೆ ಪರ್ಸೆಂಟ್ ಮಾಡಿ, ನಿಧಾನಕ್ಕೆ ಓಡಿಸಿ. ಹುಣ್ಣಿನವರದ್ದು ಎಸ್1 ಎಂ1 (ಎಂ1 ಅದೇ ಜೀನಿನ ಇನ್ನೊಂದು ಭಾಗದ ರೂಪ), ಹುಣ್ಣಿನ ಜೊತೆ ನಂಟಿರುವ ಕ್ಯಾಗ್ ಎ ಜೀನ್ ಕೂಡ ಇತ್ತು. ಆದ್ರೆ ಭಜಿಯವರಲ್ಲೂ ಕ್ಯಾಗ್ ಎ! ನಮ್ಮ ದೇಶದಲ್ಲಿ ಹುಣ್ಣಿಲ್ಲದವರಲ್ಲೂ ಅದು ಜಾಸ್ತಿ ಸಿಗುತ್ತದೆ. ಹಾಗಾಗಿ ಅದೊಂದನ್ನೇ ನೋಡಿ ರಿಪೋರ್ಟ್ ಬರೆಯಬಾರದು. ಪ್ಲೇಟ್ ಪೂರ್ತಿ ಬಳಿದು ಒಟ್ಟಿಗೆ ನೋಡುವುದು ಬಿಟ್ಟು ಕಾಲನಿ ಒಂದೊಂದಾಗಿ ತೆಗೆದೆ. ಭಜಿಯವರ ಹೊಟ್ಟೆಯಲ್ಲಿ ಎರಡು ತಳಿ: ಒಂದರಲ್ಲಿ ಕ್ಯಾಗ್ ಎ ಇದೆ, ಇನ್ನೊಂದರಲ್ಲಿ ಇಲ್ಲ. ಒಂದು ಆಂಟಿಬಯಾಟಿಕ್ ಆದ ಮೆಟ್ರೊನಿಡಜೋಲ್‌ಗೆ ಸಾಯುತ್ತದೆ, ಇನ್ನೊಂದು ಕ್ಯಾರೇ ಅನ್ನಲ್ಲ. ಬಳಿದು ನೋಡಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಸಾಹೇಬ್ರು ಈಗ ಬಯಾಪ್ಸಿ ಬ್ರಾತ್‌ನಲ್ಲೇ ಕಳಿಸುತ್ತಾರೆ. ಬಿಲ್ ಮಾತ್ರ ಇನ್ನೂ ಅರ್ಧ ಮಾಡ್ರಿ ಅಂತಾರೆ.